ಉಳಿದ ಸೊಪ್ಪೆಲ್ಲ ಸೇರಿ ಒಂದು ಹಸಿರು ಸಾಸ್: ನೀವು ಹೇಗೆ ಮಾಡುತ್ತೀರಿ?

ಸೊಪ್ಪಿನಕಟ್ಟು

ಅಡುಗೆಗೆ ಬೇಕಾಗುವುದು ಎರಡು ಚಮಚ ಪಾರ್ಸ್ಲಿ, ತರಬೇಕಾಗುವುದು ಇಡೀ ಕಟ್ಟು. ಉಳಿದದ್ದು ಫ್ರಿಡ್ಜಿನ ಮೂಲೆಯಲ್ಲಿ ಲೋಳೆಯಾಗಿ ಕಸದ ಬುಟ್ಟಿ ಸೇರುತ್ತದೆ. ಪುದೀನ, ಬೇಸಿಲ್, ಸಬ್ಬಸಿಗೆ, ಯಾವುದನ್ನು ತಂದರೂ ಇದೇ ಹಣೆಬರಹ. ಹಾಗಾಗಿ ಉಳಿದ ಸೊಪ್ಪನ್ನೆಲ್ಲ ಸೇರಿಸಿ ಒಂದು ಹಸಿರು ಸಾಸ್ ಮಾಡಿಟ್ಟುಕೊಳ್ಳೋಣ ಎಂದುಕೊಂಡಿದ್ದೇನೆ. ಪಾಸ್ತಾಕ್ಕೆ ಕಲಸಲು, ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿಯಲು, ಸ್ಯಾಂಡ್‌ವಿಚ್‌ಗೆ ಸವರಲು, ಮೊಟ್ಟೆಯ ಪಕ್ಕಕ್ಕೆ ಹಾಕಿಕೊಳ್ಳಲು, ಎಲ್ಲಕ್ಕೂ ಒದಗುವಂಥದ್ದು ಬೇಕು.

ತೊಂದರೆ ಏನೆಂದರೆ, ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದಾಗ ಮೊದಲಿಗೆ ಕಣ್ಣಿಗೆ ಹಬ್ಬ. ಸಂಜೆಯ ಹೊತ್ತಿಗೆ ಪಾಚಿಯ ಬಣ್ಣಕ್ಕೆ ತಿರುಗಿರುತ್ತದೆ. ನಾಲಿಗೆಯ ಹಿಂಭಾಗದಲ್ಲಿ ಒಂದು ಬಗೆಯ ಕಹಿಯೂ ಉಳಿಯುತ್ತದೆ. ಕೇಳಿದರೆ ತಲೆಗೊಂದು ಮಾತು: ಒಬ್ಬರು ಸೊಪ್ಪನ್ನು ಬಿಸಿನೀರಿನಲ್ಲಿ ಅದ್ದಿ ಎನ್ನುತ್ತಾರೆ, ಇನ್ನೊಬ್ಬರು ಮಿಕ್ಸಿಯನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಬಣ್ಣ ಏಕೆ ಕೆಡುತ್ತದೆ, ಕಹಿ ಎಲ್ಲಿಂದ ಬರುತ್ತದೆ, ಎಷ್ಟು ದಿನ ಇಡಬಹುದು, ಈ ಮೂರು ಗೊತ್ತಾದರೆ ಸಾಕು.

ಚಾಕುಪ್ರಿಯ

ಎಲ್ಲಕ್ಕೂ ಒದಗುವ ಸಾಸ್ ಹುಡುಕಿಕೊಂಡು ಹೋದರೆ ಯಾವುದಕ್ಕೂ ಸರಿಹೊಂದದ ಸಾಸ್ ಸಿಗುತ್ತದೆ. ಹುಡುಕಬೇಕಾದದ್ದು ಎಲ್ಲ ಕಡೆಗೂ ತಿರುಗಿಸಬಹುದಾದ ಬುನಾದಿಯನ್ನು.

ಜಗತ್ತಿನ ಹಸಿರು ಸಾಸ್‌ಗಳನ್ನು ಬಿಡಿಸಿ ನೋಡಿ. ಒಳಗಿರುವುದು ಅವೇ ಆರು: ಎಲೆ, ಎಣ್ಣೆ, ಹುಳಿ, ಉಪ್ಪು, ಘಾಟು, ಮೈಕಟ್ಟು ಕೊಡುವ ಏನಾದರೊಂದು. ಅರ್ಜೆಂಟೀನಾ ಮತ್ತು ಉರುಗ್ವೆಯ ಚಿಮಿಚುರ್ರಿಯಲ್ಲಿ ಪಾರ್ಸ್ಲಿ, ಓರೆಗಾನೊ, ಬೆಳ್ಳುಳ್ಳಿ, ವಿನೆಗರ್, ಒಣಮೆಣಸಿನ ಚೂರು; ಮೈಕಟ್ಟಿಗೆ ಏನೂ ಇಲ್ಲ, ಅದು ತೆಳುವಾಗಿಯೇ ಇರಬೇಕು, ಸುಟ್ಟ ಮಾಂಸದ ಮೇಲೆ ಹರಿಯಬೇಕು. ಇಟಲಿಯ ಸಾಲ್ಸಾ ವೆರ್ದೆಯಲ್ಲಿ ವಿನೆಗರ್‌ನಲ್ಲಿ ನೆನೆಸಿದ ಬ್ರೆಡ್ಡು ಮೈಕಟ್ಟು ಕೊಡುತ್ತದೆ, ಕೇಪರ್ ಎಂಬ ಉಪ್ಪಿನಲ್ಲಿಟ್ಟ ಮೊಗ್ಗು ಮತ್ತು ಆಂಚೊವಿ ಮೀನು ಉಪ್ಪಿನ ಕೆಲಸ ಮಾಡುತ್ತವೆ. ಮೊರಾಕ್ಕೊದ ಚರ್ಮೂಲಾದಲ್ಲಿ ಕೊತ್ತಂಬರಿಯ ಜೊತೆಗೆ ಜೀರಿಗೆ ಮತ್ತು ಪ್ಯಾಪ್ರಿಕಾ ಸೇರುತ್ತವೆ, ಹುಳಿಗೆ ನಿಂಬೆ. ಅದನ್ನು ಮುಖ್ಯವಾಗಿ ಮೀನಿಗೆ ಸವರಿ ನೆನೆಸಲು ಬಳಸುತ್ತಾರೆ. ಯೆಮೆನ್‌ನ ಝೂಗ್‌ನಲ್ಲಿ ಹಸಿಮೆಣಸಿನಕಾಯಿಯದ್ದೇ ದರ್ಬಾರು, ಹಿಂದೆ ಏಲಕ್ಕಿಯ ಪರಿಮಳ.

ಈ ಆರರಲ್ಲಿ ಯಾವುದನ್ನು ಏರಿಸಿದಿರಿ, ಯಾವುದನ್ನು ಇಳಿಸಿದಿರಿ ಎಂಬುದರ ಮೇಲೆ ಸಾಸ್ ಬೇರೆ ಬೇರೆಯಾಗುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ: ಮೆಕ್ಸಿಕೊದ ಸಾಲ್ಸಾ ವೆರ್ದೆ ಬೇರೆಯೇ ಪದಾರ್ಥ. ಅದರ ಹಸಿರು ಬಹುಪಾಲು ಟೊಮ್ಯಾಟಿಯೊ ಎಂಬ ಹುಳಿಕಾಯಿಯದ್ದು. ಹೆಸರು ನೋಡಿ ಪಾಕವಿಧಾನ ತೆಗೆದುಕೊಂಡರೆ ಊಟದ ಹೊತ್ತಿಗೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ.

ಅವಸರದಡುಗೆ

ಭೂಗೋಳ ಚೆನ್ನಾಗಿದೆ. ಅಳತೆ ಹೇಳಿ ಸ್ವಾಮಿ.

ಚಾಕುಪ್ರಿಯ

ಹೇಳುತ್ತೇನೆ. ದಂಟು ಬಿಡಿಸಿ ಒಣಗಿಸಿದ ಎಲೆ 60 ಗ್ರಾಂ, ಅಂದರೆ ಒತ್ತಿ ತುಂಬಿದರೆ ಸುಮಾರು ಎರಡು ಬಟ್ಟಲು. ಎಣ್ಣೆ 100 ಮಿಲಿಲೀಟರ್. ಬೆಳ್ಳುಳ್ಳಿ ಒಂದೇ ಎಸಳು. ಉಪ್ಪು ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ. ಬುನಾದಿ ಇಷ್ಟೇ. ಹುಳಿಯನ್ನು ಇದಕ್ಕೆ ಸೇರಿಸುವುದಿಲ್ಲ, ಬಡಿಸುವಾಗ ಹಾಕಿಕೊಳ್ಳುತ್ತೇನೆ. ಏಕೆಂದು ನಮ್ಮ ರಸಾಯನಪೆಟ್ಟಿಗೆಯವರು ಹೇಳುತ್ತಾರೆ, ಅವರು ಎಲ್ಲಿದ್ದರೂ ಈಗ ಬಂದೇ ಬರುತ್ತಾರೆ.

ಎಲೆಗಳಲ್ಲಿ ಮುಕ್ಕಾಲು ಪಾಲು ಸೌಮ್ಯವಾದದ್ದಿರಲಿ: ಪಾರ್ಸ್ಲಿ, ಕೊತ್ತಂಬರಿ, ಬೇಸಿಲ್, ಇವುಗಳಲ್ಲಿ ಯಾವುದಾದರೂ. ಉಳಿದ ಕಾಲು ಪಾಲು ಜೋರಾದ ಎಲೆ: ಪುದೀನ, ಸಬ್ಬಸಿಗೆ, ಟ್ಯಾರಗನ್. ರೋಸ್ಮರಿ, ಥೈಮ್, ಸೇಜ್‌ನಂತಹ ಗಡುಸು ಎಲೆಗಳನ್ನು ಚಿಟಿಕೆಯಷ್ಟು ಬಳಸಿದರೆ ಮಾತ್ರ ಮರ್ಯಾದೆ ಉಳಿಯುತ್ತದೆ. ಹಸಿ ರೋಸ್ಮರಿ ಹೆಚ್ಚಾದ ಸಾಸ್‌ನಲ್ಲಿ ಬೇರೆ ಯಾವ ಎಲೆಯ ದನಿಯೂ ಕೇಳುವುದಿಲ್ಲ.

ರಸಾಯನಪೆಟ್ಟಿಗೆ

ಬಂದೆ.

ಸೊಪ್ಪಿನಕಟ್ಟು ಅವರೇ, ನಿಮ್ಮ ಬಟ್ಟಲಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಟ್ಟಿಗೆ ನಡೆಯುತ್ತಿವೆ. ಎರಡನ್ನೂ ಒಂದೇ ಎಂದುಕೊಂಡು ಮದ್ದು ಹುಡುಕುವುದರಿಂದ ಗೊಂದಲ.

ಒಂದು, ಹುಳಿಯ ಕೆಲಸ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್ ಅಣುವಿನ ನಡುವೆ ಒಂದು ಮೆಗ್ನೀಸಿಯಮ್ ಕೂತಿರುತ್ತದೆ. ಆಮ್ಲ ಸೇರಿದಾಗ ಅದು ಜಾಗ ಖಾಲಿ ಮಾಡುತ್ತದೆ, ಅಲ್ಲಿ ಹೈಡ್ರೋಜನ್ ಬಂದು ಕೂರುತ್ತದೆ. ಹಾಗೆ ಆದದ್ದಕ್ಕೆ ಫಿಯೋಫೈಟಿನ್ ಎನ್ನುತ್ತಾರೆ, ಅದರ ಬಣ್ಣ ಮಂಕಾದ ಆಲಿವ್ ಕಂದು. ನಿಂಬೆ ಹಿಂಡಿದ ತಕ್ಷಣ ಹೀಗಾಗುವುದಿಲ್ಲ, ಹೊತ್ತು ಹೋದಂತೆ ಆಗುತ್ತದೆ. ನೀವು ಮಧ್ಯಾಹ್ನ ನಿಂಬೆ ಹಿಂಡಿ ಸಂಜೆ ನೋಡಿದರೆ ಕಾಣುವುದು ಇದೇ.

ಎರಡು, ಕಿಣ್ವದ ಕೆಲಸ. ಎಲೆಯನ್ನು ಜಜ್ಜಿದಾಗ ಜೀವಕೋಶ ಒಡೆದು ಒಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಜೊತೆ ಸೇರಿ ಎಲೆಯನ್ನು ಕಪ್ಪಾಗಿಸುತ್ತದೆ. ಬೇಸಿಲ್‌ನಲ್ಲಿ ಇದು ಕಣ್ಣೆದುರಿಗೇ ಆಗುತ್ತದೆ. ಒಂದು ಎಲೆಯನ್ನು ಬೆರಳಿನಲ್ಲಿ ಹಿಸುಕಿ ಮೇಜಿನ ಮೇಲಿಡಿ, ಹಿಸುಕಿದ ಗೆರೆಯಷ್ಟೇ ಮೊದಲು ಕಪ್ಪಾಗುತ್ತದೆ, ಪಕ್ಕದ ಎಲೆ ಹಸಿರಾಗಿಯೇ ಇರುತ್ತದೆ.

ಬಿಸಿನೀರಿನಲ್ಲಿ ಅದ್ದುವುದು ಈ ಎರಡನೆಯದಕ್ಕೆ ಮದ್ದು. ಕುದಿಯುವ ನೀರಿನಲ್ಲಿ 10ರಿಂದ 15 ಸೆಕೆಂಡು, ಅಷ್ಟೇ. ತಕ್ಷಣ ಐಸ್ ನೀರಿಗೆ ಹಾಕಿ, ತಣ್ಣಗಾದ ಮೇಲೆ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಬಟ್ಟೆಯಲ್ಲಿ ಒತ್ತಿ. ಶಾಖಕ್ಕೆ ಕಿಣ್ವ ಸುಮ್ಮನಾಗುತ್ತದೆ, ಬಣ್ಣ ದಿನಗಟ್ಟಲೆ ನಿಲ್ಲುತ್ತದೆ. ಆದರೆ ಹಸಿ ಎಲೆಯ ಮೊನಚಾದ ಪರಿಮಳದಲ್ಲಿ ಒಂದಷ್ಟು ನೀರಿಗೆ ಹೋಗುತ್ತದೆ. ಬಣ್ಣ ಮುಖ್ಯವೋ ಪರಿಮಳ ಮುಖ್ಯವೋ ನೀವೇ ತೀರ್ಮಾನಿಸಿ. ಚಿಮಿಚುರ್ರಿಯಂತಹ ಹಸಿ ಸಾಸ್‌ಗೆ ಅದ್ದುವುದು ವ್ಯರ್ಥ. ವಿನೆಗರ್ ಹೇಗೂ ಬಣ್ಣ ಇಳಿಸುತ್ತದೆ, ಅದರ ಸೊಗಸು ಬಣ್ಣದಲ್ಲಿಲ್ಲ.

ಹುಳಿಗೆ ಮದ್ದು ಚಾಕುಪ್ರಿಯರು ಹೇಳಿದ್ದೇ: ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ನಿಂಬೆಯ ಪರಿಮಳ ಬೇಕೆನಿಸಿದರೆ ಸಿಪ್ಪೆಯ ಹಳದಿ ಭಾಗವನ್ನು ತುರಿದು ಹಾಕಿ. ಪರಿಮಳ ಬರುತ್ತದೆ, ಹುಳಿ ಬರುವುದಿಲ್ಲ.

ಕುದಿಯುವ ನೀರಿಗೆ ಅಡುಗೆ ಸೋಡಾ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟಾರು. ಹಸಿರು ನಿಲ್ಲುವುದು ನಿಜ, ಎಲೆ ಮೆತ್ತಗಾಗಿ ಸಾಬೂನಿನ ರುಚಿ ಬರುವುದೂ ನಿಜ.

ಕಲ್ಲೊರಳು

ಇಷ್ಟೆಲ್ಲ ರಸಾಯನಶಾಸ್ತ್ರ ಬೇಕಾಗಿರುವುದು ಮಿಕ್ಸಿ ಹಿಡಿದುಕೊಂಡದ್ದರಿಂದ. ಒರಳಿನಲ್ಲಿ ಕುಟ್ಟಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಇಟಲಿಯ ಜಿನೋವಾ ಊರಿನ ಹಸಿರು ಸಾಸ್ ಪೆಸ್ಟೊವನ್ನೇ ನೋಡಿ. ಬೇಸಿಲ್, ಪೈನ್ ಬೀಜ, ಬೆಳ್ಳುಳ್ಳಿ, ಎರಡು ಬಗೆಯ ಗಟ್ಟಿ ಚೀಸ್, ಕಲ್ಲುಪ್ಪು, ಆಲಿವ್ ಎಣ್ಣೆ. ಅಮೃತಶಿಲೆಯ ಒರಳು, ಮರದ ಕುಟ್ಟಣಿ. ಒರಳಿನಲ್ಲಿ ಪೆಸ್ಟೊ ಕುಟ್ಟುವುದಕ್ಕೆಂದೇ ಅಲ್ಲಿ 2007ರಿಂದ ವಿಶ್ವ ಮಟ್ಟದ ಸ್ಪರ್ಧೆ ನಡೆಯುತ್ತಿದೆ. ಜಿನೋವಾದ ಬೇಸಿಲ್‌ಗೆ ಐರೋಪ್ಯ ಒಕ್ಕೂಟದಿಂದ 2005ರಲ್ಲಿ ಮೂಲಸ್ಥಾನದ ಮಾನ್ಯತೆಯೂ ಸಿಕ್ಕಿದೆ. ಇಷ್ಟು ಗಂಭೀರವಾಗಿ ಹಿಡಿದುಕೊಂಡವರು ಒರಳನ್ನು ಬಿಟ್ಟಿಲ್ಲ ಎಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲವೇ?

ಕ್ರಮ ಹೀಗೆ. ಮೊದಲು ಬೆಳ್ಳುಳ್ಳಿ ಮತ್ತು ಕೆಲವು ಹರಳು ಕಲ್ಲುಪ್ಪು, ಬೆಣ್ಣೆಯಂತೆ ಆಗುವ ತನಕ. ಪುಡಿ ಉಪ್ಪು ಹಾಕಿದರೆ ಈ ಕೆಲಸ ಆಗುವುದಿಲ್ಲ, ಹರಳಿನ ಅಂಚುಗಳೇ ಇಲ್ಲಿ ಅರ್ಧ ಅರೆಯುವುದು. ಆಮೇಲೆ ಎಲೆಯನ್ನು ಹಿಡಿಹಿಡಿಯಾಗಿ ಹಾಕಿ. ಮೇಲಿನಿಂದ ಗುದ್ದಬೇಡಿ. ಕುಟ್ಟಣಿಯನ್ನು ಒರಳಿನ ಗೋಡೆಗೆ ಒತ್ತಿ ಸುತ್ತ ತಿರುಗಿಸುತ್ತ, ಇನ್ನೊಂದು ಕೈಯಿಂದ ಒರಳನ್ನು ಎದುರು ದಿಕ್ಕಿಗೆ ಸ್ವಲ್ಪ ಸ್ವಲ್ಪ ಸರಿಸಿ. ಎಲೆ ಹರಿದು ರಸ ಬಿಡುತ್ತದೆ. ಮೊದಲ ಹಿಡಿ ಎಲೆಯ ರಸ ಒಸರಿ ಒರಳಿನ ತಳ ಹೊಳೆಯುವಾಗ ಎರಡನೆಯ ಹಿಡಿ ಹಾಕಿ. ಬೀಜ, ಆಮೇಲೆ ಚೀಸ್, ಕಟ್ಟಕಡೆಗೆ ಎಣ್ಣೆ. ಎಣ್ಣೆಯನ್ನು ಮೊದಲೇ ಸುರಿದರೆ ಎಲೆ ಜಾರುತ್ತದೆ, ಅರೆಯುವುದಿಲ್ಲ.

ಹೀಗೆ ಮಾಡಿದ ಸಾಸ್‌ನಲ್ಲಿ ಒಂದು ಚಮಚ ಬಾಯಿಗಿಟ್ಟರೆ ಎಲೆ, ಬೀಜ, ಬೆಳ್ಳುಳ್ಳಿ ಒಂದೊಂದಾಗಿ ಸಿಗುತ್ತವೆ. ಮಿಕ್ಸಿಯದ್ದರಲ್ಲಿ ಎಲ್ಲವೂ ಏಕಾಕಾರ.

ಅವಸರದಡುಗೆ

ಕಲ್ಲೊರಳು ಅವರೇ, ನಮಸ್ಕಾರ. ನನ್ನ ಮನೆಯಲ್ಲಿ ಏಳು ಗಂಟೆಗೆ ಮಕ್ಕಳು ತಟ್ಟೆ ಬಡಿಯುತ್ತಾರೆ, ಸ್ಪರ್ಧೆಯ ತೀರ್ಪುಗಾರರು ಬರುವುದಿಲ್ಲ. ಮಿಕ್ಸಿ ಇಲ್ಲದೆ ನಡೆಯುವುದಿಲ್ಲ, ಆದರೆ ಅದನ್ನು ಹದವಾಗಿ ಬಳಸುವ ದಾರಿಗಳಿವೆ.

ಜಾರನ್ನೂ ಬ್ಲೇಡನ್ನೂ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಬೀಜ, ಬೆಳ್ಳುಳ್ಳಿ, ಉಪ್ಪನ್ನು ಮೊದಲು ಪುಡಿ ಮಾಡಿಕೊಳ್ಳಿ. ಎಲೆಯನ್ನು ಕೊನೆಗೆ ಹಾಕಿ, ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬ್ಲೇಡಿನ ಬಿಸಿಗೆ ಎಲೆ ಬೆಂದ ವಾಸನೆ ಬರುತ್ತದೆ. ನಡುನಡುವೆ ಮುಚ್ಚಳ ತೆಗೆದು ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಇಷ್ಟು ಮಾಡಿದರೆ ಐದು ನಿಮಿಷದ ಕೆಲಸ.

ರಸಾಯನಪೆಟ್ಟಿಗೆ

ಅವಸರದಡುಗೆಯವರ ಮಾತಿಗೆ ಒಂದು ಸೇರಿಕೆ, ಸೊಪ್ಪಿನಕಟ್ಟು ಅವರ ಕಹಿಯ ಪ್ರಶ್ನೆಗೆ ಉತ್ತರವೂ ಹೌದು. ನೀವು ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲೇ ಸುರಿದು ತಿರುಗಿಸುತ್ತಿದ್ದೀರಾ? ಆ ಎಣ್ಣೆಯಲ್ಲಿ ಸಹಜವಾಗಿಯೇ ಕಹಿ ಪಾಲಿಫಿನಾಲ್‌ಗಳಿರುತ್ತವೆ. ಬ್ಲೇಡು ವೇಗವಾಗಿ ತಿರುಗಿ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆದಾಗ ಆ ಕಹಿ ನಾಲಿಗೆಗೆ ಎದ್ದು ತಾಗುತ್ತದೆ. ಎಣ್ಣೆ ಹಾಳಾಗಿದೆ ಎಂದು ಬಾಟಲಿಯನ್ನು ದೂರಬೇಡಿ.

ಎಲೆ ತಿರುಗಲು ಬೇಕಾಗುವಷ್ಟು ಮಾತ್ರ ರುಚಿ ಇಲ್ಲದ ಎಣ್ಣೆ ಹಾಕಿ, ಸೂರ್ಯಕಾಂತಿ ಎಣ್ಣೆಯೂ ಆದೀತು. ಆಲಿವ್ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿಕೊಂಡ ಮೇಲೆ ಚಮಚದಲ್ಲಿ ಕಲಸಿ. ಪುದೀನ, ಬೇಸಿಲ್‌ನ ದಪ್ಪ ದಂಟು ಸೇರಿದ್ದರೂ ಕಹಿ ಮತ್ತು ನಾರು ಬರುತ್ತದೆ.

ಸೊಪ್ಪಿನಕಟ್ಟು

ಹೌದು, ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲೇ ಹಾಕುತ್ತಿದ್ದೆ. ನಿಂಬೆಯನ್ನೂ. ಎರಡು ಪ್ರಶ್ನೆಗೆ ಒಂದೇ ಏಟಿಗೆ ಉತ್ತರ ಸಿಕ್ಕಿತು. ದಂಟಿನ ವಿಷಯ ಮಾತ್ರ ಸ್ಪಷ್ಟವಾಗಲಿಲ್ಲ, ಎಲ್ಲ ದಂಟನ್ನೂ ಎಸೆಯಬೇಕೇ?

ಕಿಟಕಿತೋಟ

ಎಸೆಯಬೇಡಿ! ಕೊತ್ತಂಬರಿಯ ಎಳೆ ದಂಟಿನಲ್ಲಿ ಎಲೆಗಿಂತ ಹೆಚ್ಚು ಸ್ವಾದವಿದೆ. ಪಾರ್ಸ್ಲಿಯ ಮೇಲರ್ಧದ ದಂಟೂ ಬಳಕೆಗೆ ಬರುತ್ತದೆ. ಸಬ್ಬಸಿಗೆಯದ್ದನ್ನು ಉಗುರಿನಲ್ಲಿ ಚಿವುಟಿ ನೋಡಿ, ಸಲೀಸಾಗಿ ತುಂಡಾದರೆ ಹಾಕಿ. ಪುದೀನ, ಬೇಸಿಲ್‌ನದ್ದನ್ನು ಬಿಡಿ. ತುದಿಯ ಎಳೆಯ ಭಾಗ ಪರವಾಗಿಲ್ಲ.

ಸೊಪ್ಪು ಕೊಳೆಯುತ್ತದೆ ಎಂದಿರಿ. ಬೇಸಿಲ್ ಅನ್ನು ಫ್ರಿಡ್ಜ್‌ಗೆ ಹಾಕುವುದರಿಂದಲೇ ಅದು ಕೆಡುತ್ತದೆ. ಅದು ಸೆಖೆಯ ನಾಡಿನ ಗಿಡ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಳಿಯ ಏಟು ತಿಂದು ಎಲೆ ಕಪ್ಪಾಗುತ್ತದೆ. ದಂಟಿನ ತುದಿ ಕತ್ತರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿ ಹೊರಗಿಡಿ, ಕೆಲವೊಮ್ಮೆ ಬೇರೂ ಬಿಡುತ್ತದೆ. ಪಾರ್ಸ್ಲಿ, ಕೊತ್ತಂಬರಿ ಮಾತ್ರ ಫ್ರಿಡ್ಜಿನಲ್ಲೇ ಇರಲಿ: ಲೋಟದ ನೀರಿನಲ್ಲಿ ನಿಲ್ಲಿಸಿ, ಮೇಲೊಂದು ಚೀಲವನ್ನು ಸಡಿಲವಾಗಿ ಮುಚ್ಚಿ.

ಇನ್ನೊಂದು ಸಂಗತಿಯನ್ನು ಯಾರೂ ಒತ್ತಿ ಹೇಳಲಿಲ್ಲ. ತೊಳೆದ ಎಲೆ ಚೆನ್ನಾಗಿ ಒಣಗಿರಬೇಕು. ನೀರಿದ್ದರೆ ಎಣ್ಣೆ ಎಲೆಗೆ ಹತ್ತುವುದಿಲ್ಲ, ಸಾಸ್ ಒಡೆದು ನಿಲ್ಲುತ್ತದೆ, ಬೇಗ ಹಳಸುತ್ತದೆ. ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆ ಮುಚ್ಚಿ ಸುರುಳಿ ಸುತ್ತಿ, ಮೆಲ್ಲಗೆ ಒತ್ತಿ. ಹತ್ತು ನಿಮಿಷ ಹಾಗೇ ಬಿಡಿ.

ಚಾಕುಪ್ರಿಯ

ಒಣಗಿದ ಎಲೆಯ ವಿಷಯ ಚಾಕುವಿನವರಿಗೂ ಅನ್ವಯಿಸುತ್ತದೆ. ಒದ್ದೆ ಎಲೆಯನ್ನು ಹೆಚ್ಚಿದರೆ ಹಲಗೆಯ ಮೇಲೆ ಹಸಿರು ಕೆಸರು ಉಳಿಯುತ್ತದೆ, ಸಾರವೆಲ್ಲ ಹಲಗೆಗೆ ಹೋದಂತೆ. ಚಾಕು ಹರಿತವಾಗಿರಬೇಕು. ಮೊಂಡು ಚಾಕು ಎಲೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ; ಆಮೇಲೆ ಅದೇ ಕಿಣ್ವದ ಕಥೆ. ಎಲೆಯನ್ನು ಬಿಗಿಯಾಗಿ ಗುಡ್ಡೆ ಮಾಡಿ ಒಮ್ಮೆ ಮಾತ್ರ ಸಾಲಾಗಿ ಹೆಚ್ಚಿ, ಮತ್ತೆ ಮತ್ತೆ ಕೊಚ್ಚಬೇಡಿ.

ಸುಟ್ಟ ತರಕಾರಿ, ಮೀನು, ಮಾಂಸದ ಮೇಲೆ ಹಾಕುವುದಾದರೆ ಚಾಕುವಿನ ಸಾಸ್. ಪಾಸ್ತಾಕ್ಕೆ ಕಲಸುವುದಾದರೆ ಒರಳಿನದ್ದು ಅಥವಾ ಮಿಕ್ಸಿಯದ್ದು. ಇದು ಜಗಳದ ವಿಷಯವೇ ಅಲ್ಲ.

ಕಲ್ಲೊರಳು

ಜಗಳದ ವಿಷಯವೇ.

ನಿಧಾನಸ್ಥೆ

ಬೆಳ್ಳುಳ್ಳಿಯ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಹಸಿರು ಸಾಸ್ ಹೆಚ್ಚು ಕೆಡುವುದು ಅದರಿಂದಲೇ ಎಂದು ನನ್ನ ಅಭಿಪ್ರಾಯ. ಮಾಡಿದಾಗ ಹಿತವಾಗಿರುತ್ತದೆ, ಮಾರನೆಯ ದಿನ ಮೂಗಿಗೆ ಹೊಡೆಯುತ್ತದೆ. ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಆಲಿಸಿನ್ ಹುಟ್ಟುತ್ತದೆ, ಘಾಟು ಅದರದ್ದು. ಎಸಳು ಎಷ್ಟು ನುಣ್ಣಗಾದರೆ ಅಷ್ಟು ಹೆಚ್ಚು ಘಾಟು. ಹೋಳು ಮಾಡಿದ ಬೆಳ್ಳುಳ್ಳಿಯೂ ಅರೆದ ಬೆಳ್ಳುಳ್ಳಿಯೂ ಅಳತೆಯಲ್ಲಿ ಒಂದೇ ಆದರೂ ಬಾಯಿಯಲ್ಲಿ ಒಂದೇ ಅಲ್ಲ.

ಘಾಟು ಇಳಿಸಲು ಎರಡು ದಾರಿ. ಸಿಪ್ಪೆ ಸುಲಿದ ಎಸಳನ್ನು ಜಜ್ಜುವ ಮೊದಲೇ ಒಂದೆರಡು ನಿಮಿಷ ಕುದಿಸಿ. ಇಲ್ಲವೇ ಎಸಳನ್ನು ನಿಂಬೆರಸದೊಳಗೇ ತುರಿಯಿರಿ, ಆಮ್ಲವು ಆ ಕಿಣ್ವದ ಕೈ ಕಟ್ಟುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ನಿಂಬೆ ಹಿಂಡಿದರೆ ಪ್ರಯೋಜನವಿಲ್ಲ, ಆಗಲೇ ಆಗಬೇಕಾದದ್ದು ಆಗಿರುತ್ತದೆ. ಎರಡನೆಯ ದಾರಿ ಬಡಿಸುವ ಹೊತ್ತಿನ ಬೆಳ್ಳುಳ್ಳಿಗೆ ಮಾತ್ರ, ಏಕೆಂದರೆ ನಿಂಬೆಯನ್ನು ಮೊದಲೇ ಹಾಕಬಾರದು ಎಂದು ಈಗಷ್ಟೇ ತೀರ್ಮಾನವಾಗಿದೆಯಲ್ಲ.

ಎಸಳಿನ ನಡುವೆ ಹಸಿರು ಮೊಳಕೆ ಕಂಡರೆ ಚಾಕುವಿನ ತುದಿಯಿಂದ ಕಿತ್ತು ಹಾಕಿ.

ಹುಳಿಮುಖ

ಕೊತ್ತಂಬರಿ ಹಾಕಿದ ಯಾವ ಸಾಸ್ ಆದರೂ ನನಗೆ ಸಾಬೂನು ನೆಕ್ಕಿದಂತಾಗುತ್ತದೆ. ಮನೆಯವರು ನಾಟಕ ಎನ್ನುತ್ತಾರೆ.

ರಸಾಯನಪೆಟ್ಟಿಗೆ

ನಾಟಕವಲ್ಲ. ಕೊತ್ತಂಬರಿಯ ಪರಿಮಳದಲ್ಲಿ ಆಲ್ಡಿಹೈಡ್ ಎಂಬ ವಸ್ತುಗಳಿವೆ. ಅದೇ ಬಗೆಯವು ಸಾಬೂನಿನಲ್ಲೂ ಇರುತ್ತವೆ. ಅವನ್ನು ಹೆಚ್ಚು ಗಾಢವಾಗಿ ಗ್ರಹಿಸುವುದಕ್ಕೂ ವಾಸನೆಯ ಗ್ರಾಹಕವೊಂದರ ಜೀನ್‌ಗೂ ನಂಟಿದೆ. ನಿಮ್ಮ ಮಟ್ಟಿಗೆ ಪಾರ್ಸ್ಲಿಯ ಜೊತೆ ಸ್ವಲ್ಪ ಪುದೀನ ಬೆರೆಸಿಕೊಳ್ಳಿ.

ಡಬ್ಬಿತುಂಬ

ಎಷ್ಟು ದಿನ ಇಡಬಹುದು ಎಂಬುದಕ್ಕೆ ನಾನು ಹೇಳುತ್ತೇನೆ. ಗಾಜಿನ ಸೀಸೆಗೆ ತುಂಬಿ ಮೇಲೆ ಒಂದು ಬೆರಳು ದಪ್ಪ ಎಣ್ಣೆ ನಿಲ್ಲಿಸಿ. ಗಾಳಿ ತಾಗದಿದ್ದರೆ ಏನೂ ಕೆಡುವುದಿಲ್ಲ. ನಾನು ಅಡುಗೆಮನೆಯ ಕಪಾಟಿನಲ್ಲೇ ವಾರಗಟ್ಟಲೆ ಇಡುತ್ತೇನೆ, ಇದುವರೆಗೆ ಯಾರಿಗೂ ಏನೂ ಆಗಿಲ್ಲ.

ನಿರ್ವಾಹಕ

ಡಬ್ಬಿತುಂಬ ಅವರ ಸಲಹೆಯನ್ನು ಅಳಿಸದೆ ಉಳಿಸಿದ್ದೇನೆ, ಏಕೆಂದರೆ ಹೀಗೆ ಅಂದುಕೊಳ್ಳುವವರು ಬಹಳ ಮಂದಿ. ಆದರೆ ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಗಾಳಿ ತಾಗದಿರುವುದೇ ಇಲ್ಲಿನ ಅಪಾಯ. ಬೊಟುಲಿಸಮ್ ಎಂಬ ಪ್ರಾಣಾಪಾಯದ ಕಾಯಿಲೆ ತರುವ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ. ಅದರ ಬೀಜಕಣಗಳು ಬೆಳ್ಳುಳ್ಳಿ, ಸೊಪ್ಪಿನ ಜೊತೆ ಅಡುಗೆಮನೆಗೆ ಬರುತ್ತವೆ. ಗಾಳಿ ಇರುವ ತನಕ ಸುಮ್ಮನಿರುತ್ತವೆ. ಎಣ್ಣೆಯ ಕೆಳಗೆ ಆಮ್ಲಜನಕ ಇಲ್ಲ, ಹುಳಿ ಇಲ್ಲ, ಕಪಾಟಿನ ಶಾಖ ಇದೆ: ಅವು ಮೊಳೆತು ವಿಷ ಹುಟ್ಟಿಸಲು ಬೇಕಾದದ್ದೆಲ್ಲ ಸಿಕ್ಕಿದಂತಾಯಿತು. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೂಸಿ ನೋಡಿ ಪತ್ತೆ ಹಚ್ಚುತ್ತೇನೆ ಎನ್ನುವ ಹಾಗಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿ ಇಟ್ಟ ಬೆಳ್ಳುಳ್ಳಿ ತಿಂದು 36 ಮಂದಿ ಬೊಟುಲಿಸಮ್‌ಗೆ ತುತ್ತಾದರು. ಫ್ರಿಡ್ಜಿನಲ್ಲಿ ಇರಬೇಕಾದದ್ದು ಹೊರಗೆ ಇತ್ತು.

ಆದ್ದರಿಂದ: ಮಾಡಿದ ತಕ್ಷಣ ಫ್ರಿಡ್ಜ್, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ. ಹಸಿ ಬೆಳ್ಳುಳ್ಳಿ ಹಾಕಿದ ಸಾಸ್ ಅನ್ನು ನಾಲ್ಕು ದಿನದೊಳಗೆ ಮುಗಿಸಿ. ಅದಕ್ಕಿಂತ ಹೆಚ್ಚು ಕಾಲ ಬೇಕಿದ್ದರೆ ಫ್ರೀಜರ್. ಮೇಲೆ ಎಣ್ಣೆ ನಿಲ್ಲಿಸುವುದು ಬಣ್ಣಕ್ಕೆ ಒಳ್ಳೆಯದು, ಫ್ರಿಡ್ಜಿನೊಳಗೆ ಧಾರಾಳವಾಗಿ ಮಾಡಿ. ಅದು ಫ್ರಿಡ್ಜಿಗೆ ಬದಲಿ ಅಲ್ಲ.

ಡಬ್ಬಿತುಂಬ

ನಿಂಬೆರಸ ಹೆಚ್ಚು ಹಾಕಿದರೆ ಹೊರಗಿಡಬಹುದಲ್ಲವೇ? ಹುಳಿ ಇದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದು ನೀವೇ ಹೇಳಿದಂತಾಯಿತು.

ನಿರ್ವಾಹಕ

ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆಯಾದರೆ ಬೆಳೆಯುವುದಿಲ್ಲ ಎಂಬುದು ಸರಿ. ಆದರೆ ಆ ಹುಳಿ ಬೆಳ್ಳುಳ್ಳಿಯ ಪ್ರತಿ ಚೂರಿನ ಒಳಗೂ, ಎಲೆಯ ಒಳಗೂ ಇಳಿದಿರಬೇಕು. ಎಣ್ಣೆ ಸವರಿದ ಚೂರಿನೊಳಗೆ ನಿಂಬೆರಸ ಎಷ್ಟು ಇಳಿದಿದೆ ಎಂದು ಮನೆಯಲ್ಲಿ ಅಳೆಯುವ ಬಗೆ ಇಲ್ಲ. ಕಾರ್ಖಾನೆಯಲ್ಲಿ ಅಳೆದು ಆಮ್ಲ ಸೇರಿಸಿ ಮುಚ್ಚುತ್ತಾರೆ, ಆದ್ದರಿಂದ ಅಂಗಡಿಯ ಸೀಸೆ ಮುಚ್ಚಿದ ಸ್ಥಿತಿಯಲ್ಲಿ ಹೊರಗೆ ಉಳಿಯುತ್ತದೆ. ಮನೆಯದ್ದಕ್ಕೆ ಫ್ರಿಡ್ಜ್. ಈ ಒಂದು ವಿಷಯದಲ್ಲಿ ಚರ್ಚೆ ಮುಂದುವರಿಸುವುದಿಲ್ಲ.

ಕಿಟಕಿತೋಟ

ಬೀಜದ ಬಗ್ಗೆ ಎರಡು ಮಾತು. ಪೈನ್ ಬೀಜ ಸಿಗದಿದ್ದರೆ ಅಳಬೇಕಾಗಿಲ್ಲ. ಅಕ್ರೋಟು ಹಾಕಿದರೆ ತುಸು ಒಗರು, ಅದು ಪಾರ್ಸ್ಲಿಗೆ ಒಗ್ಗುತ್ತದೆ. ಗೋಡಂಬಿ ಹಾಕಿದರೆ ನುಣುಪು, ಸಿಹಿ. ಮನೆಯಲ್ಲಿ ಯಾರಿಗಾದರೂ ಇಂತಹ ಬೀಜಗಳ ಅಲರ್ಜಿ ಇದ್ದರೆ ಸೂರ್ಯಕಾಂತಿ ಅಥವಾ ಕುಂಬಳ ಬೀಜ ನೋಡಬಹುದು. ಆದರೆ ಇವುಗಳಿಗೂ ಕೆಲವರಿಗೆ ಅಲರ್ಜಿ ಇರುತ್ತದೆ, ಅತಿಥಿಗಳನ್ನು ಕೇಳಿಯೇ ಬಡಿಸಿ. ಯಾವುದೇ ಬೀಜವಾದರೂ ಹುರಿದರೆ ಪೂರ್ತಿ ಆರಿದ ಮೇಲೆ ಹಾಕಿ, ಬಿಸಿ ಬೀಜ ಎಲೆಯನ್ನು ಬಾಡಿಸುತ್ತದೆ. ಹಳೆಯ ಬೀಜಕ್ಕೆ ಕಮಟು ಬಂದಿರುತ್ತದೆ, ಒಂದನ್ನು ಅಗಿದು ನೋಡಿ.

ಪೈನ್ ಬೀಜ ತಿಂದ ಒಂದೆರಡು ದಿನದ ಮೇಲೆ ಬಾಯಲ್ಲಿ ಲೋಹದಂತಹ ಕಹಿ ಶುರುವಾಗಿ, ಏನು ತಿಂದರೂ ಹೋಗದೆ ದಿನಗಟ್ಟಲೆ ಕಾಡಿದರೆ ಗಾಬರಿಯಾಗಬೇಡಿ. ಕೆಲವು ಜಾತಿಯ ಪೈನ್ ಬೀಜಗಳಿಂದ ಹೀಗಾಗುವುದುಂಟು, ತಾನಾಗಿಯೇ ಹೋಗುತ್ತದೆ.

ನಿಧಾನಸ್ಥೆ

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಒಂದು ಮಾತು. ಪಾರ್ಸ್ಲಿಯಂತಹ ಎಲೆಗಳಲ್ಲಿ ವಿಟಮಿನ್ ಕೆ ಬಹಳ, ಅದು ಆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಅಂಥವರು ಇದ್ದಕ್ಕಿದ್ದಂತೆ ದಿನವೂ ಬಟ್ಟಲುಗಟ್ಟಲೆ ಹಸಿರು ಸಾಸ್ ಶುರು ಮಾಡುವ ಮೊದಲು ವೈದ್ಯರನ್ನು ಕೇಳಲಿ.

ಅವಸರದಡುಗೆ

ಈಗ ತಿನ್ನುವ ವಿಷಯಕ್ಕೆ ಬರೋಣವೇ? ಚಾಕುಪ್ರಿಯರ ಬುನಾದಿಯನ್ನು ನಾನು ತಿರುಗಿಸುವುದು ಹೀಗೆ.

ಪಾಸ್ತಾಕ್ಕಾದರೆ ಸಾಸ್ ಅನ್ನು ಒಲೆಯ ಮೇಲಿಡುವುದೇ ಇಲ್ಲ. ಪಾಸ್ತಾ ಬೇಯಿಸಿದ ನೀರನ್ನು ಒಂದು ಲೋಟ ತೆಗೆದಿಟ್ಟುಕೊಂಡು, ಬಟ್ಟಲಲ್ಲಿ ಸಾಸ್‌ಗೆ ಎರಡು ಚಮಚ ಬೆರೆಸಿ, ಆಮೇಲೆ ಬಸಿದ ಪಾಸ್ತಾ ಹಾಕಿ ಕಲಸುತ್ತೇನೆ. ಆ ನೀರಿನಲ್ಲಿರುವ ಪಿಷ್ಟ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಾಸ್ ಪ್ರತಿ ಎಳೆಗೂ ಹತ್ತುತ್ತದೆ. ಜಿನೋವಾದವರು ಅದೇ ಪಾತ್ರೆಯಲ್ಲಿ ಆಲೂಗಡ್ಡೆ, ಹುರುಳಿಕಾಯಿಯನ್ನೂ ಬೇಯಿಸಿಕೊಳ್ಳುತ್ತಾರೆ. ಮಕ್ಕಳಿಗೆ ಆಲೂಗಡ್ಡೆ ಇದೆ ಎಂದರೆ ಉಳಿದದ್ದನ್ನು ಪ್ರಶ್ನಿಸುವುದಿಲ್ಲ.

ಸ್ಯಾಂಡ್‌ವಿಚ್‌ಗೆ ಒಂದು ಪಾಲು ಸಾಸ್, ಎರಡು ಪಾಲು ಮೇಯನೇಸ್. ಸಲಾಡ್‌ಗೆ ಮೊಸರು ಮತ್ತು ನಿಂಬೆ. ಮೀನಿಗೆ ಮೆತ್ತಗಿನ ಬೆಣ್ಣೆಯಲ್ಲಿ ಕಲಸಿ, ಕಾಗದದಲ್ಲಿ ಉರುಳೆ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಬೇಕಾದಾಗ ಒಂದು ಬಿಲ್ಲೆ ಕತ್ತರಿಸಿ ಬಿಸಿ ಮೀನಿನ ಮೇಲೆ ಇಡಬಹುದು. ಬೇಯಿಸಿದ ಬೇಳೆಕಾಳಿಗೆ ಚಮಚದಷ್ಟು ಸಾಸ್ ಮತ್ತು ವಿನೆಗರ್.

ಚಾಕುಪ್ರಿಯ

ಮೊಸರಿನ ದಾರಿ ಹಳೆಯದು ಮತ್ತು ಗೌರವಸ್ಥ. ಫ್ರಾಂಕ್‌ಫರ್ಟ್‌ನ ಹಸಿರು ಸಾಸ್‌ನಲ್ಲಿ ಏಳು ಸೊಪ್ಪು ಕಡ್ಡಾಯ: ಬೋರೇಜ್, ಚರ್ವಿಲ್, ಕ್ರೆಸ್, ಪಾರ್ಸ್ಲಿ, ಬರ್ನೆಟ್, ಸಾರೆಲ್, ಚೈವ್ಸ್. ಅದನ್ನು ಹುಳಿ ಕೆನೆ ಅಥವಾ ಮೊಸರಿನಲ್ಲಿ ಕಲಸಿ, ಬೇಯಿಸಿದ ಮೊಟ್ಟೆ, ಆಲೂಗಡ್ಡೆಯ ಜೊತೆ ತಣ್ಣಗೆ ಬಡಿಸುತ್ತಾರೆ. 2016ರಲ್ಲಿ ಅದಕ್ಕೂ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ಸಿಕ್ಕಿತು. ಸಾರೆಲ್ ಎಲೆಯಲ್ಲೇ ಹುಳಿ ಇರುವುದರಿಂದ ಅದಿದ್ದರೆ ನಿಂಬೆ ಕಡಿಮೆ ಸಾಕು. ಮೇಯನೇಸ್‌ನ ದಾರಿಯಲ್ಲಿ ಅಮೆರಿಕದ ಗ್ರೀನ್ ಗಾಡೆಸ್ ಡ್ರೆಸ್ಸಿಂಗ್ ಇದೆ, ಟ್ಯಾರಗನ್, ಚೈವ್ಸ್, ಆಂಚೊವಿ ಸೇರಿಸಿದ್ದು. ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರಲ್ಲಿ 1923ರಲ್ಲಿ ಹೆಸರು ಪಡೆದದ್ದು.

ಏನೂ ರುಬ್ಬಲು ಮನಸ್ಸಿಲ್ಲದ ದಿನ ಗ್ರೆಮೊಲಾಟಾ ಇದೆ: ಪಾರ್ಸ್ಲಿ, ಬೆಳ್ಳುಳ್ಳಿ, ನಿಂಬೆ ಸಿಪ್ಪೆಯ ತುರಿ. ಮೂರನ್ನೂ ಹಲಗೆಯ ಮೇಲೆ ಒಟ್ಟಿಗೆ ಹೆಚ್ಚಿ ಹಾಗೇ ಉದುರಿಸಿ. ಎಣ್ಣೆ ಬೇಕಾದರೆ ಹಾಕಿಕೊಳ್ಳಿ.

ಸೊಪ್ಪಿನಕಟ್ಟು

ಎಲ್ಲರಿಗೂ ಧನ್ಯವಾದ. ಪಾರ್ಸ್ಲಿ ಮುಕ್ಕಾಲು, ಪುದೀನ ಕಾಲು, ತಣ್ಣಗಿನ ಜಾರ್, ಸೂರ್ಯಕಾಂತಿ ಎಣ್ಣೆಯಲ್ಲಿ ತಿರುಗಿಸಿ ಆಲಿವ್ ಎಣ್ಣೆಯನ್ನು ಕೈಯಲ್ಲಿ ಕಲಸಿ ಮಾಡಿದೆ. ಕಹಿ ಇಲ್ಲ. ನಿಂಬೆಯನ್ನು ತಟ್ಟೆಯ ಮೇಲೆಯೇ ಹಿಂಡಿಕೊಂಡೆವು. ಡಬ್ಬಿಯಲ್ಲಿ ಉಳಿದದ್ದು ಮಾರನೆಯ ದಿನವೂ ಹಸಿರಾಗಿಯೇ ಇತ್ತು, ಮೇಲ್ಪದರ ಮಾತ್ರ ಸ್ವಲ್ಪ ಕಪ್ಪು.

ಕೊನೆಯ ಪ್ರಶ್ನೆ: ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡುವುದಾದರೆ ಚೀಸ್, ಬೆಳ್ಳುಳ್ಳಿ ಎಲ್ಲ ಸೇರಿಸಿಯೇ ಮಾಡಬೇಕೇ? ಕರಗಿಸುವುದು ಹೇಗೆ?

ಅವಸರದಡುಗೆ

ಚೀಸ್ ಹಾಕಬೇಡಿ, ಕರಗಿದ ಮೇಲೆ ಮರಳುಮರಳಾಗುತ್ತದೆ, ಬಡಿಸುವಾಗ ತುರಿದುಕೊಳ್ಳಿ. ಬೆಳ್ಳುಳ್ಳಿಯನ್ನೂ ಬಿಟ್ಟು ಬರೀ ಎಲೆ, ಎಣ್ಣೆ, ಉಪ್ಪು ಇದ್ದರೆ ಒಂದೇ ತುಂಡನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಫ್ರೀಜರ್‌ಗೆ ಹೋಗುವ ಸಾಸ್‌ಗೆ ಮಾತ್ರ ಎಲೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿಕೊಳ್ಳುವುದು ಲಾಭ, ಕಿಣ್ವಗಳು ಫ್ರೀಜರ್‌ನಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಗಟ್ಟಿಯಾದ ಮೇಲೆ ತುಂಡುಗಳನ್ನು ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ, ತಾರೀಖು ಬರೆದಿಡಿ. ಬಿಸಿ ಪಾಸ್ತಾಕ್ಕಾದರೆ ತುಂಡನ್ನು ಹಾಗೇ ಹಾಕಿ ಕಲಸಿ. ಬೇರೆಯದಕ್ಕೆ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಡ್ಜಿಗೆ ಇಳಿಸಿ. ಎಣ್ಣೆ ಬೇರೆಯಾಗಿ ನಿಂತಿದ್ದರೆ ಚಮಚದಲ್ಲಿ ಒಮ್ಮೆ ಕದಡಿದರೆ ಕೂಡಿಕೊಳ್ಳುತ್ತದೆ.

ಕಲ್ಲೊರಳು

ಕೂಡಿಕೊಳ್ಳದಿದ್ದರೆ ಒರಳಿಗೆ ಹಾಕಿ ಎರಡು ಸುತ್ತು ತಿರುಗಿಸಿ.